ಕೆಲಸ ಹೋದ ಮೇಲೆ ಮನೆಯಿಂದಲೇ ಗಳಿಕೆ: ಭಯ ಯಾವುದಕ್ಕೆ, ಎಚ್ಚರ ಯಾವುದಕ್ಕೆ?

2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕ ಹಿಡಿದು ಜಿಎಸ್‌ಟಿ ನೋಟಿಸ್ ಬಂತು. ಅದೇ ತಿಂಗಳ ಕೊನೆಗೆ ಐಟಿ ಕಂಪನಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕಡಿತ ಮಾಡುವುದಾಗಿ ಹೇಳಿತು. ಅಕ್ಟೋಬರ್‌ನಲ್ಲಿ ಪಿಎಫ್ ಹಣ ತೆಗೆಯುವ ನಿಯಮ ಬದಲಾಯಿಸುವ ನಿರ್ಧಾರವಾಯಿತು. ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು.

ಇವು ಬೇರೆ ಬೇರೆ ಸುದ್ದಿಗಳು. ಆದರೆ ನಾಲ್ಕೂ ಬಂದು ತಟ್ಟುವ ಮನೆಯೊಂದಿದೆ. ಕೆಲಸ ಹೋಗಿದೆ, ಮತ್ತೆ ಸಿಗುವವರೆಗೆ ಊಟದ ಡಬ್ಬಿ ಕಳಿಸುವುದೋ, ಹೊಲಿಗೆಯೋ, ಟ್ಯೂಷನ್ನೋ, ಕಂಪ್ಯೂಟರ್ ಮುಂದೆ ಕೂತು ಮಾಡುವ ಬಿಡಿ ಕೆಲಸವೋ ಮಾಡಿಕೊಂಡು ತಿಂಗಳಿಗೆ ಹತ್ತಿಪ್ಪತ್ತು ಸಾವಿರ ಹುಟ್ಟಿಸಿಕೊಳ್ಳುತ್ತಿರುವ ಮನೆ ಅದು. ಅಂಥವರ ವಾಟ್ಸ್ಆ್ಯಪ್‌ಗೆ ಬಂದು ಬೀಳುವ ಮಾತುಗಳು ಹೀಗಿವೆ: "ಯುಪಿಐ ತಗೊಂಡ್ರೆ ಜಿಎಸ್‌ಟಿ ಬೀಳುತ್ತೆ", "ಪಿಎಫ್ ಹಣ ಒಂದು ವರ್ಷ ಸಿಗಲ್ಲ", "ಎರಡೇ ದಿನದಲ್ಲಿ ಸೆಟಲ್‌ಮೆಂಟ್ ಕೊಡಬೇಕು". ಒಂದೊಂದರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಗೊತ್ತಿಲ್ಲದೆ ಜನ ತಪ್ಪು ಕಡೆ ಹೆದರುತ್ತಿದ್ದಾರೆ, ಹೆದರಬೇಕಾದ ಕಡೆ ಸುಮ್ನಿದ್ದಾರೆ.

ಜುಲೈ ನೋಟಿಸ್‌ಗಳಲ್ಲಿ ಏನಿತ್ತು?

ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ ಈ ಮಿತಿ 20 ಲಕ್ಷ. ಯುಪಿಐಗಾಗಿ ಹುಟ್ಟಿದ ನಿಯಮವೇನಲ್ಲ ಇದು. ಹೊಸದಾಗಿದ್ದು ಇಷ್ಟೇ: ವಾಣಿಜ್ಯ ತೆರಿಗೆ ಇಲಾಖೆ ಪೇಮೆಂಟ್ ಕಂಪನಿಗಳಿಂದ ಅಂಕಿಅಂಶ ತರಿಸಿಕೊಂಡು, ಮಿತಿ ದಾಟಿಯೂ ನೋಂದಣಿ ಮಾಡಿಸದವರನ್ನು ಹುಡುಕಿತು.

ಎಲ್ಲರ ಬಾಯಲ್ಲಿ ಓಡಾಡಿದ್ದು ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರ ಪ್ರಕರಣ. ನಾಲ್ಕು ವರ್ಷಗಳ 1.63 ಕೋಟಿ ವಹಿವಾಟಿಗೆ ಸುಮಾರು 29 ಲಕ್ಷ ರೂಪಾಯಿ ತೆರಿಗೆಯ ನೋಟಿಸ್. ಈ ಅಂಕಿಗಳನ್ನು ಸ್ವಲ್ಪ ಬಿಡಿಸಿ ನೋಡಿ. ವರ್ಷಕ್ಕೆ ಸರಾಸರಿ 40.75 ಲಕ್ಷ, ಅಂದರೆ ದಿನಕ್ಕೆ ಸುಮಾರು ಹನ್ನೊಂದು ಸಾವಿರದ ವ್ಯಾಪಾರ. ಮಿತಿಯ ಹೊಸ್ತಿಲು ಆಗಷ್ಟೇ ದಾಟಿದೆ. ಇನ್ನು 1.63 ಕೋಟಿಗೆ ಶೇ 18 ಹಾಕಿದರೆ ಸರಿಸುಮಾರು 29 ಲಕ್ಷವೇ ಬರುತ್ತದೆ. ಅಂದರೆ ಬಂದ ಹಣವೆಲ್ಲ ತೆರಿಗೆ ಕಟ್ಟಬೇಕಾದ ಸರಕಿನದ್ದೇ ಎಂದು ಹಿಡಿದಂತಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ!

ವ್ಯಾಪಾರಿಗಳ ವಾದದಲ್ಲಿ ಹುರುಳಿತ್ತು. ಯುಪಿಐಗೆ ಬರುವುದೆಲ್ಲ ವ್ಯಾಪಾರದ ದುಡ್ಡಲ್ಲ. ತಮ್ಮ ಕೊಟ್ಟ ಕೈಸಾಲವೂ ಅಲ್ಲಿಗೇ ಬರುತ್ತದೆ, ಚೀಟಿ ಹಣವೂ ಅಲ್ಲಿಗೇ. ಇಲಾಖೆಯ ವಾದವೂ ಪೂರ್ತಿ ಸುಳ್ಳಲ್ಲ: ನೋಟಿಸ್ ಎಂದರೆ ಕಟ್ಟಲೇಬೇಕಾದ ಬಿಲ್ ಅಲ್ಲ, ಉತ್ತರ ಕೊಡಿ, ದಾಖಲೆ ತೋರಿಸಿ ಎಂಬ ಸೂಚನೆ. ಆದರೆ ಆ ಭಾಷೆ ಓದಿದ ಯಾವ ಬೇಕರಿ ಮಾಲೀಕನಿಗೂ ಹಾಗನ್ನಿಸಿರಲಿಕ್ಕಿಲ್ಲ. ಬಂದ್ ಕರೆ ಬಂತು, ಮುಖ್ಯಮಂತ್ರಿ ಸಭೆ ಕರೆದರು. ಹಳೆಯ ಬಾಕಿಗಾಗಿ ಹಿಂದೆ ಬೀಳುವುದಿಲ್ಲ, ತೆರಿಗೆ ವಿನಾಯಿತಿ ಇರುವ ಸರಕು ಮಾರುವವರಿಗೆ ತೊಂದರೆಯಿಲ್ಲ, ಮಿತಿ ದಾಟಿದವರು ಮಾತ್ರ ನೋಂದಣಿ ಮಾಡಿಸಲೇಬೇಕು ಎಂಬಲ್ಲಿಗೆ ವಿಷಯ ತಣ್ಣಗಾಯಿತು.

ಅಷ್ಟರೊಳಗೆ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದ ಚೀಟಿ ಅಂಟಿಸಲಾಗಿತ್ತು. ಮನೆಯಿಂದ ಸಣ್ಣಪುಟ್ಟ ಗಳಿಕೆ ಮಾಡುವವರಿಗೂ ಅದೇ ಭಯ ಹತ್ತಿಕೊಂಡಿತು.

ಬರುವ ಹಣ ಬೇರೆ, ಉಳಿಯುವ ಹಣ ಬೇರೆ

ಒಂದು ಲೆಕ್ಕ ನೋಡೋಣ. ಒಂದು ಮನೆಯಿಂದ ದಿನಾ 25 ಜನರಿಗೆ 80 ರೂಪಾಯಿಯ ಊಟದ ಡಬ್ಬಿ ಹೋಗುತ್ತದೆ ಎಂದುಕೊಳ್ಳಿ. ದಿನಕ್ಕೆ 2,000, ತಿಂಗಳಿಗೆ 60 ಸಾವಿರ, ವರ್ಷಕ್ಕೆ 7.2 ಲಕ್ಷ. ಅಕ್ಕಿ, ಬೇಳೆ, ಎಣ್ಣೆ, ತರಕಾರಿ, ಡಬ್ಬಿ ಮುಟ್ಟಿಸುವ ಹುಡುಗನ ಪೆಟ್ರೋಲು, ಸಿಲಿಂಡರು ಎಲ್ಲ ಸೇರಿ ತಿಂಗಳಿಗೆ 40 ಸಾವಿರ ಖರ್ಚು. (ಸಿಲಿಂಡರ್ 19 ಕೆ.ಜಿ.ಯ ಕಮರ್ಷಿಯಲ್ ಆಗಿರಬೇಕು. ಮನೆಬಳಕೆಯ 14.2 ಕೆ.ಜಿ. ಸಿಲಿಂಡರ್‌ನಲ್ಲಿ ಮಾರಾಟದ ಅಡುಗೆ ಮಾಡುವಂತಿಲ್ಲ. ಎಷ್ಟು ಜನ ಪಾಲಿಸುತ್ತಾರೆ ಅನ್ನೋದು ಬೇರೆ ಮಾತು.) ಉಳಿಯುವುದು 20 ಸಾವಿರ.

ಜಿಎಸ್‌ಟಿ ನೋಡುವುದು 7.2 ಲಕ್ಷವನ್ನು. ಊಟ ಒದಗಿಸುವುದು ಸೇವೆಯ ಲೆಕ್ಕಕ್ಕೆ ಬರುವುದರಿಂದ ಮಿತಿ 20 ಲಕ್ಷ. ಅದನ್ನು ಮುಟ್ಟಬೇಕಾದರೆ ತಿಂಗಳಿಗೆ 1.66 ಲಕ್ಷದಷ್ಟು ವ್ಯಾಪಾರ ಆಗಬೇಕು. ಚಕ್ಕುಲಿ, ಹಪ್ಪಳ, ಉಪ್ಪಿನಕಾಯಿ ಪ್ಯಾಕೆಟ್ ಮಾಡಿ ಮಾರಿದರೆ ಅದು ಸರಕು, ಮಿತಿ 40 ಲಕ್ಷ. ಎರಡೂ ತುಂಬ ದೂರ.

ಆದಾಯ ತೆರಿಗೆ ನೋಡುವುದು ಉಳಿದ ಹಣವನ್ನು, ಅಂದರೆ ವರ್ಷಕ್ಕೆ 2.4 ಲಕ್ಷವನ್ನು. ಹೊಸ ಪದ್ಧತಿಯಲ್ಲಿ 2025-26ರ ಸಾಲಿಗೆ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ, 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಸಿಕ್ಕಿ ತೆರಿಗೆ ಸೊನ್ನೆಯಾಗುತ್ತದೆ. ಕೆಲಸ ಇದ್ದ ತಿಂಗಳುಗಳ ಸಂಬಳವನ್ನೂ ಅದೇ ವರ್ಷದ ಲೆಕ್ಕಕ್ಕೆ ಸೇರಿಸಬೇಕು, ನಿಜ. ಆದರೂ ಬಹುತೇಕರಿಗೆ ಕಟ್ಟುವುದಕ್ಕಿಂತ ವಾಪಸ್ ಪಡೆಯುವುದೇ ಜಾಸ್ತಿ ಇರುತ್ತದೆ. ವರ್ಷಪೂರ್ತಿ ಸಂಬಳ ಕೊಡುವ ಲೆಕ್ಕದಲ್ಲಿ ಕಂಪನಿ ತಿಂಗಳು ತಿಂಗಳು ಟಿಡಿಎಸ್ (ಸಂಬಳದಲ್ಲೇ ಹಿಡಿಯುವ ತೆರಿಗೆ) ಮುರಿದುಕೊಂಡಿರುತ್ತದೆ. ನಡುವೆ ಸಂಬಳ ನಿಂತರೆ ಆ ಹಣ ಹೆಚ್ಚುವರಿ ಕಟ್ಟಿದಂತೆ. ರಿಟರ್ನ್ಸ್ ಸಲ್ಲಿಸಿದರೆ ಮಾತ್ರ ಅದು ಕೈಗೆ ಬರುತ್ತದೆ.

ಹಾಗಾದರೆ ಕ್ಯೂಆರ್ ಕೋಡ್ ಕಿತ್ತವರಿಗೆ ಸಿಕ್ಕಿದ್ದೇನು? ವಹಿವಾಟಿನ ಲೆಕ್ಕಕ್ಕೆ ನಗದೂ ಸೇರುತ್ತದೆ, ಯುಪಿಐ ಒಂದೇ ಅಲ್ಲ. ಆದ್ದರಿಂದ ಕ್ಯಾಶ್ ತಗೊಂಡರೆ ಕಾನೂನಿನ ಪ್ರಕಾರ ಏನೂ ಬದಲಾಗದು. ಬದಲಾಗುವುದು ಒಂದೇ: ಬ್ಯಾಂಕ್ ಸ್ಟೇಟ್‌ಮೆಂಟ್ ಖಾಲಿಯಾಗುತ್ತದೆ. ಸಂಬಳದ ಸ್ಲಿಪ್ ಇಲ್ಲದವರು ನಾಳೆ ಮುದ್ರಾ ಸಾಲ ಕೇಳಲು ಹೋದಾಗ ತೋರಿಸಲು ಇರುವುದು ಆ ಸ್ಟೇಟ್‌ಮೆಂಟ್ ಮಾತ್ರ. ವ್ಯಾಪಾರಕ್ಕೆಂದೇ ಬೇರೆ ಖಾತೆ ತೆರೆದು, ಕೈಸಾಲ, ಚೀಟಿ ಹಣ ಎಲ್ಲ ಹಳೆಯ ಖಾತೆಯಲ್ಲೇ ಇಟ್ಟುಕೊಂಡರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಇಲ್ಲೊಂದು ಗುಂಡಿ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. 40 ಲಕ್ಷದ ಮಿತಿ ರಾಜ್ಯದೊಳಗೆ ಸರಕು ಮಾರುವವರಿಗೆ ಮಾತ್ರ. ಇನ್‌ಸ್ಟಾಗ್ರಾಂನಲ್ಲಿ ಆರ್ಡರ್ ಹಿಡಿದು ಹೈದರಾಬಾದ್‌ಗೋ ಮುಂಬೈಗೋ ಚಕ್ಕುಲಿ ಪಾರ್ಸಲ್ ಮಾಡಿದರೆ, ಕೆಲವು ಕರಕುಶಲ ವಸ್ತುಗಳ ವಿನಾಯಿತಿ ಬಿಟ್ಟು, ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಬೇಕು. ಆನ್‌ಲೈನ್ ಟ್ಯೂಷನ್‌ನಂಥ ಸೇವೆಗಳಿಗೆ ಈ ಕಟ್ಟು ಇಲ್ಲ. ಅಲ್ಲಿ ವಿದ್ಯಾರ್ಥಿ ಯಾವ ರಾಜ್ಯದಲ್ಲಿದ್ದರೂ 20 ಲಕ್ಷದವರೆಗೆ ನಿರಾಳ.

ಮಿತಿ ಹತ್ತಿರ ಇರುವುದು ಗೃಹಲಕ್ಷ್ಮಿಯಲ್ಲಿ

ತೆರಿಗೆಯ ಮಿತಿ ಲಕ್ಷಗಳಾಚೆ ಇದೆ. ಸರ್ಕಾರಿ ಸೌಲಭ್ಯಗಳ ಮಿತಿ ಕಾಲ ಬುಡದಲ್ಲಿದೆ. ಸಣ್ಣ ಗಳಿಕೆಯವರು ಲೆಕ್ಕ ಹಾಕಬೇಕಾದ್ದು ಇಲ್ಲಿ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ, ಮನೆಯ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ಅಥವಾ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರಾಗಿದ್ದರೆ ಸಿಗುವುದಿಲ್ಲ. ಯಾರೋ ಆಡಿಟರ್ "ಇರಲಿ, ಜಿಎಸ್‌ಟಿ ನಂಬರ್ ಒಂದು ಮಾಡಿಸಿಕೊಂಡುಬಿಡಿ" ಅಂದರು ಅಂತ, ಅಗತ್ಯವಿಲ್ಲದೆ ನೋಂದಣಿ ಮಾಡಿಸಿದರೆ ವ್ಯಾಪಾರ ಇಲ್ಲದ ತಿಂಗಳಲ್ಲೂ ರಿಟರ್ನ್ಸ್ ಸಲ್ಲಿಸಬೇಕಾಗುತ್ತದೆ, ಜೊತೆಗೆ ವರ್ಷದ 24 ಸಾವಿರ ಕೈತಪ್ಪುತ್ತದೆ. ತಿಂಗಳಿಗೆ 20 ಸಾವಿರ ಉಳಿಯುವ ಮನೆಗೆ ಅದು ಒಂದು ತಿಂಗಳ ಗಳಿಕೆಗಿಂತ ಜಾಸ್ತಿ.

ಬಿಪಿಎಲ್ ಕಾರ್ಡಿನದು ಇನ್ನೂ ಬಿಗಿ. ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ಮೀರಬಾರದು. ಅಂದರೆ ತಿಂಗಳಿಗೆ 10 ಸಾವಿರ. ನಮ್ಮ ಊಟದ ಡಬ್ಬಿಯ ಮನೆ ಕಾಗದದ ಮೇಲೆ ಇದನ್ನೂ ದಾಟಿದೆ. ಕಾರ್ಡ್ ಹೋದರೆ ಅಕ್ಕಿ ಮಾತ್ರ ಹೋಗುವುದಿಲ್ಲ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ವೆಚ್ಚದ ಶೇ 30 ಮಾತ್ರ, ಅದೂ 1.5 ಲಕ್ಷದವರೆಗೆ. ಕೆಲಸದ ಜೊತೆಗೆ ಕಂಪನಿ ಕೊಟ್ಟ ಆರೋಗ್ಯ ವಿಮೆಯೋ ಇಎಸ್‌ಐಯೋ (ಕಾರ್ಮಿಕರ ರಾಜ್ಯ ವಿಮೆ) ಕಳೆದುಕೊಂಡ ಕುಟುಂಬಕ್ಕೆ ಈ ವ್ಯತ್ಯಾಸ ಸಣ್ಣದಲ್ಲ.

ಗೃಹಜ್ಯೋತಿಯಲ್ಲೂ ಇಂಥದ್ದೇ ಅಂಚು ಇದೆ. ತಿಂಗಳಲ್ಲಿ 200 ಯೂನಿಟ್ ದಾಟಿತೆಂದರೆ ಪೂರ್ತಿ ಬಿಲ್ ಕಟ್ಟಬೇಕು. ಓವನ್, ದೊಡ್ಡ ಗ್ರೈಂಡರ್, ಮೋಟಾರ್ ಹಾಕಿದ ಹೊಲಿಗೆ ಮಿಷನ್ ಮನೆಗೆ ಬಂದರೆ ಇನ್ನೂರು ಯೂನಿಟ್ ಮುಟ್ಟುವುದು ಕಷ್ಟವೇನಲ್ಲ.

ಸಣ್ಣ ಗಳಿಕೆ ಏರಿದಂತೆ ಸೌಲಭ್ಯ ಮೆಲ್ಲಗೆ ಇಳಿಯಬೇಕಿತ್ತು. ಈಗಿರುವ ವ್ಯವಸ್ಥೆಯಲ್ಲಿ ಒಂದು ಗೆರೆ ದಾಟಿದ ಕೂಡಲೇ ಪೂರ್ತಿ ಹೋಗುತ್ತದೆ. ಜನ ಗಳಿಕೆಯನ್ನು ಮುಚ್ಚಿಡಲು ತೆರಿಗೆಯ ಭಯಕ್ಕಿಂತ ಇದೇ ದೊಡ್ಡ ಕಾರಣ ಎಂಬುದು ಈ ಲೇಖನದ ಅನಿಸಿಕೆ. ಸೋರಿಕೆ ತಡೆಯಬೇಕು, ಉಳ್ಳವರಿಗೆ ಬಿಪಿಎಲ್ ಯಾಕೆ ಎಂಬ ಸರ್ಕಾರದ ಪ್ರಶ್ನೆ ಸರಿಯೇ. ಆದರೆ 10 ಸಾವಿರದ ಗೆರೆಯಲ್ಲಿ ಬೆಂಗಳೂರಿನ ಒಂದು ಸಿಂಗಲ್ ರೂಮಿನ ಬಾಡಿಗೆ ಕಟ್ಟಿ ನೋಡಿದರೆ ಉಳ್ಳವರು ಯಾರು ಅನ್ನೋದೇ ಗೊಂದಲವಾಗುತ್ತದೆ.

ರಾಜೀನಾಮೆ ಕೊಟ್ಟಿರೋ, ಅವರೇ ತೆಗೆದರೋ?

ಮನೆಯ ಗಳಿಕೆ ಕುದುರಲು ಆರು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಮನೆ ನಡೆಯುವುದು ಕೆಲಸ ಬಿಡುವಾಗ ಬಂದ ಹಣದಲ್ಲಿ. ಅದೆಷ್ಟು ಎಂಬುದು ಒಂದು ಕಾಗದದ ಮೇಲೆ ನಿಂತಿದೆ.

ಹೊಸ ವೇತನ ಸಂಹಿತೆಯ ಪ್ರಕಾರ, ತೆಗೆದುಹಾಕಿದರೂ ಸರಿ, ರಾಜೀನಾಮೆಯಾದರೂ ಸರಿ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಕೊಡಬೇಕು. "ಎರಡೇ ದಿನದಲ್ಲಿ ಸೆಟಲ್‌ಮೆಂಟ್" ಎಂಬ ಮಾತು ಹುಟ್ಟಿದ್ದು ಇಲ್ಲಿಂದ. ಇಲ್ಲಿಯವರೆಗೆ ಇಬ್ಬರೂ ಸಮ. ಮುಂದಕ್ಕೆ ದಾರಿ ಕವಲೊಡೆಯುತ್ತದೆ. ಕಾನೂನಿನ ಅರ್ಥದಲ್ಲಿ ಕಾರ್ಮಿಕ ಎನಿಸಿಕೊಂಡವರನ್ನು ಕಂಪನಿಯೇ ಕಡಿತ ಮಾಡಿದರೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ವೇತನದಂತೆ ಪರಿಹಾರ ಸಿಗಬೇಕು. ಅದರ ಮೇಲೆ ಮರುಕೌಶಲ ನಿಧಿಯಿಂದ (ಕೆಲಸ ಕಳೆದುಕೊಂಡವರು ಹೊಸ ಕೌಶಲ ಕಲಿಯಲೆಂದು ಇರುವ ನಿಧಿ) 15 ದಿನದ ವೇತನ 45 ದಿನದೊಳಗೆ ಖಾತೆಗೆ ಬರಬೇಕು. ತಾವಾಗಿಯೇ ರಾಜೀನಾಮೆ ಕೊಟ್ಟರೆ ಇವೆರಡೂ ಇಲ್ಲ. ಇಎಸ್‌ಐ ಇದ್ದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ, ಅರ್ಹತೆಯ ಷರತ್ತುಗಳಿಗೆ ಒಳಪಟ್ಟು, ಸರಾಸರಿ ದಿನಗಳಿಕೆಯ ಅರ್ಧದಷ್ಟು 90 ದಿನದವರೆಗೆ ಸಿಗುವ ಅವಕಾಶವಿದೆ. ಗಾರ್ಮೆಂಟ್ಸ್‌ನಲ್ಲಿ ದುಡಿದ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಇದೆ ಎಂಬುದೇ ಗೊತ್ತಿಲ್ಲ.

ಪಿಎಫ್ ವಿಷಯಕ್ಕೂ ಇದೇ ಕೊಂಡಿ. ಮೊದಲು ಕೆಲಸ ಬಿಟ್ಟು ಒಂದು ತಿಂಗಳಿಗೆ ಶೇ 75, ಎರಡು ತಿಂಗಳಿಗೆ ಪೂರ್ತಿ ತೆಗೆಯಬಹುದಿತ್ತು. 2025ರ ಅಕ್ಟೋಬರ್ 13ರಂದು ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒದ ಮಂಡಳಿ ತೆಗೆದುಕೊಂಡ ನಿರ್ಧಾರದಂತೆ ಶೇ 75 ಕೂಡಲೇ ಸಿಗುತ್ತದೆ, ಉಳಿದ ಶೇ 25ಕ್ಕೆ 12 ತಿಂಗಳು ಕಾಯಬೇಕು. ಪಿಂಚಣಿ ಭಾಗದ ಹಣಕ್ಕೆ ಎರಡು ತಿಂಗಳಿದ್ದ ಕಾಯುವಿಕೆ 36 ತಿಂಗಳಿಗೆ ಏರಿತು. "ಪಿಎಫ್ ಒಂದು ವರ್ಷ ಸಿಗಲ್ಲ" ಎಂಬ ವದಂತಿ ಹುಟ್ಟಿದ್ದು ಇಲ್ಲಿಂದ. ಆಗ ಸರ್ಕಾರ ಕೊಟ್ಟ ಸ್ಪಷ್ಟನೆಯಲ್ಲಿ ಒಂದು ಸಾಲಿತ್ತು: ಉದ್ಯೋಗ ಕಡಿತವಾದಾಗ ಪೂರ್ತಿ ಹಣ ಪಡೆಯಬಹುದು. ಮತ್ತೆ ಅದೇ ಪ್ರಶ್ನೆ, ಕಾಗದದಲ್ಲಿ ಏನಂತ ಬರೆದಿದೆ?

ಐಟಿ ನೌಕರರ ಸಂಘಟನೆಗಳು ಹಲವು ವರ್ಷಗಳಿಂದ ದೂರುತ್ತಿರುವುದು ಇದನ್ನೇ. ಎಚ್‌ಆರ್ ರೂಮಿಗೆ ಕರೆದು, ರಾಜೀನಾಮೆ ಕೊಟ್ಟರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ, ಇಲ್ಲಾಂದ್ರೆ ಮುಂದೆ ಕೆಲಸ ಸಿಗೋದು ಕಷ್ಟ ಅಂತಾರೆ. ಕಂಪನಿಗಳ ಕಡೆಯ ಮಾತು: ರಾಜೀನಾಮೆ ಕೊಟ್ಟವರಿಗೆ ಕೆಲವು ತಿಂಗಳ ಸಂಬಳ ಕೊಟ್ಟೇ ಕಳಿಸುತ್ತೇವೆ, ಅದು ಕಾನೂನಿನ ಪರಿಹಾರಕ್ಕಿಂತ ಹೆಚ್ಚೇ ಇರುತ್ತದೆ. ಕೆಲವರ ವಿಷಯದಲ್ಲಿ ಅದು ನಿಜವೂ ಹೌದು. ಸಹಿ ಹಾಕುವ ಮುಂಚೆ ಎರಡನ್ನೂ ಕೂಡಿ ಕಳೆದು ನೋಡಲು ಒಂದು ದಿನದ ಸಮಯ ಕೇಳಿದರೆ ಯಾರೂ ಜೈಲಿಗೆ ಹಾಕುವುದಿಲ್ಲ.

ಬೀಡಿ ಕಟ್ಟುವವರಿಗೆ ಸಿಕ್ಕಿದ್ದು

ಮನೆಯಲ್ಲಿ ಕೂತು ಮತ್ತೊಬ್ಬರಿಗಾಗಿ ದುಡಿಯುವವರು ಕಾರ್ಮಿಕರೋ, ಸ್ವಂತ ವ್ಯಾಪಾರಿಗಳೋ? ಇದನ್ನು ಹೊಸ ಪ್ರಶ್ನೆ ಎಂದುಕೊಳ್ಳುವವರು ದಕ್ಷಿಣ ಕನ್ನಡ, ಉಡುಪಿಯ ಬೀಡಿ ಇತಿಹಾಸ ನೋಡಬೇಕು.

ಅಲ್ಲಿ ಹೆಂಗಸರು ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತಂದು, ಮನೆಯ ಜಗಲಿಯಲ್ಲಿ ಬೀಡಿ ಕಟ್ಟಿ ವಾಪಸ್ ಕೊಡುತ್ತಾರೆ. ಕೂಲಿ ಸಾವಿರ ಬೀಡಿಗೆ ಇಷ್ಟು ಅಂತ. ಕಟ್ಟು ಸರಿಯಿಲ್ಲದ ಬೀಡಿಗಳನ್ನು ಬ್ರಾಂಚಿನಲ್ಲಿ ತೆಗೆದುಹಾಕುತ್ತಾರೆ, ಆ ಲೆಕ್ಕ ಕೂಲಿಯಿಂದ ಹೋಗುತ್ತದೆ. ಮಾಲೀಕರ ವಾದ ಸರಳವಾಗಿತ್ತು: ಇವರು ನಮ್ಮ ಕಾರ್ಖಾನೆಗೆ ಬರುವುದಿಲ್ಲ, ಎಷ್ಟು ಹೊತ್ತಿಗೆ ಕೂರುತ್ತಾರೆ, ಏಳುತ್ತಾರೆ ನಮಗೆ ಗೊತ್ತಿಲ್ಲ, ಹಾಗಾಗಿ ನಮ್ಮ ನೌಕರರಲ್ಲ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಮನೆಯಲ್ಲಿ ಕಟ್ಟುವವರನ್ನೂ ಅದು ಒಳಗೆ ತಂದಿತು. ಅದನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಮುಂದೆ 1985ರಲ್ಲಿ, ಪಿ.ಎಂ. ಪಟೇಲ್ ಆ್ಯಂಡ್ ಸನ್ಸ್ ಪ್ರಕರಣದಲ್ಲಿ, ಮನೆಯಲ್ಲಿ ಬೀಡಿ ಕಟ್ಟುವವರಿಗೂ ಪಿಎಫ್ ಸಲ್ಲಬೇಕು ಎಂದಿತು. ಕೋರ್ಟ್ ಹಿಡಿದ ಎಳೆ ಬಹಳ ಸೂಕ್ಷ್ಮವಾದದ್ದು. ಬೀಡಿ ಸರಿಯಿಲ್ಲ ಎಂದು ತಿರಸ್ಕರಿಸುವ ಹಕ್ಕು ಮಾಲೀಕನಿಗಿದೆ. ಆ ಹಕ್ಕೇ ಅವನ ಹಿಡಿತ, ಅವನ ಮೇಲ್ವಿಚಾರಣೆ. ಕಣ್ಣೆದುರು ನಿಂತು ನೋಡಬೇಕೆಂದೇನೂ ಇಲ್ಲ.

ಈಗ ಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಯಾವುದೋ ಆ್ಯಪ್‌ಗೆ ಚಿತ್ರಗಳಿಗೆ ಗುರುತು ಹಾಕುವ, ಕನ್ನಡ ಧ್ವನಿ ಕೇಳಿ ಟೈಪ್ ಮಾಡುವ ಕೆಲಸ ನೋಡಿ. ಒಂದು ನಿಮಿಷದ ಆಡಿಯೊಗೆ ಇಷ್ಟು ಅಂತ ದರ. ಗುಣಮಟ್ಟ ಪರೀಕ್ಷೆಯಲ್ಲಿ ಫೇಲಾದ ಫೈಲಿಗೆ ದುಡ್ಡಿಲ್ಲ. ಬ್ರಾಂಚಿನಲ್ಲಿ ಬೀಡಿ ತೆಗೆದುಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಆದರೂ ಇವರಿಗೆ ಪಿಎಫ್ ಪಾಸ್‌ಬುಕ್ ಇಲ್ಲ, ಕನಿಷ್ಠ ದರವಿಲ್ಲ, ಒಪ್ಪಂದದಲ್ಲಿ ಇವರ ಹೆಸರು "ಸ್ವತಂತ್ರ ಗುತ್ತಿಗೆದಾರ". ಆ್ಯಪ್ ಕಂಪನಿಗಳು ಹೇಳುವುದು ಇಷ್ಟು: ಬೇಕಾದಾಗ ಮಾಡಿ, ಬೇಡವಾದಾಗ ಬಿಡಿ ಎಂಬ ಸ್ವಾತಂತ್ರ್ಯವೇ ಈ ಕೆಲಸದ ಗುಣ, ನೌಕರ ಅಂದರೆ ಅದು ಹೋಗುತ್ತದೆ. ಮಗು ಮಲಗಿದಾಗ ಎರಡು ಗಂಟೆ ಕೂತು ದುಡಿಯುವವರಿಗೆ ಆ ಸ್ವಾತಂತ್ರ್ಯಕ್ಕೆ ಬೆಲೆಯಿದೆ. ಆದರೆ ಬೀಡಿ ಕಟ್ಟುವವರಿಗೂ ಅದೇ ಸ್ವಾತಂತ್ರ್ಯ ಇತ್ತು, ಪಿಎಫ್ ಸಿಕ್ಕಿದ್ದರಿಂದ ಅದು ಹೋಗಲಿಲ್ಲ.

2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಮನೆಯಿಂದ ಕೆಲಸ ಮಾಡುವ ಕಾರ್ಮಿಕ ಯಾರು ಎಂಬ ವ್ಯಾಖ್ಯಾನವಿದೆ. ಆದರೆ ಅವರನ್ನು ಅಸಂಘಟಿತರ ಸಾಲಿನಲ್ಲಿ ಇಡಲಾಗಿದೆ. ಅಂದರೆ ಸರ್ಕಾರ ಯೋಜನೆ ಮಾಡಿದರೆ ಸಿಗುತ್ತದೆ, ಮಾಲೀಕನ ಮೇಲೆ ನೇರ ಹೊಣೆ ಕಡಿಮೆ. 1966ರ ಬೀಡಿ ಕಾಯ್ದೆಯೂ ಈಗ ಹೊಸ ಸಂಹಿತೆಗಳೊಳಗೆ ಕರಗಿದೆ. ಹೀಗೆ ಮನೆಯಲ್ಲಿ ಕೂತು ಮತ್ತೊಬ್ಬರಿಗಾಗಿ ದುಡಿಯುವವರಿಗಾಗಿಯೇ ಇರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1996ರ ಒಪ್ಪಂದಕ್ಕೆ ಭಾರತ ಇನ್ನೂ ಅನುಮೋದನೆ ನೀಡಿಲ್ಲ.

ಕೆಲಸ ಕೊಡ್ತೀವಿ ಅನ್ನುವ ಮೆಸೇಜು

ಇದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಎಲ್ಲರಿಗೂ ಬಂದಿರುತ್ತದೆ. ಹೋಟೆಲ್‌ಗೆ ರೇಟಿಂಗ್ ಕೊಡಿ, ವಿಡಿಯೊ ಲೈಕ್ ಮಾಡಿ, ನೂರಿನ್ನೂರು ರೂಪಾಯಿ ತಗೊಳ್ಳಿ. ಮೊದಲೆರಡು ಸಲ ದುಡ್ಡು ನಿಜಕ್ಕೂ ಬರುತ್ತದೆ. ಆಮೇಲೆ ಟೆಲಿಗ್ರಾಂ ಗುಂಪು, "ಪ್ರಿಪೇಯ್ಡ್ ಟಾಸ್ಕ್", ಹಾಕಿದ ಹಣ ಬಿಡಿಸಿಕೊಳ್ಳಲು ಇನ್ನಷ್ಟು ಹಣ. ಇನ್ನೊಂದು ಬಗೆ ಡೇಟಾ ಎಂಟ್ರಿಯದು: ಮುಟ್ಟಲಾಗದಷ್ಟು ನಿಖರತೆ ಕೇಳಿ, ಫೇಲಾದಿರಿ ಎಂದು ದಂಡಕ್ಕಾಗಿ ನಕಲಿ ವಕೀಲರ ನೋಟಿಸ್ ಕಳಿಸುತ್ತಾರೆ. ಕೆಲಸ ಕೊಡುವವರು ದುಡ್ಡು ಕೇಳಿದರೆ ಅಲ್ಲಿಗೆ ನಿಲ್ಲಿಸಬೇಕು. ಮೋಸ ಹೋದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದು ಎಷ್ಟು ಬೇಗವೋ ಅಷ್ಟು ಒಳ್ಳೆಯದು.

ಇವೆಲ್ಲಕ್ಕಿಂತ ಅಪಾಯದ್ದು "ನಿಮ್ಮ ಖಾತೆ ಬಾಡಿಗೆಗೆ ಕೊಡಿ, ಕಮಿಷನ್ ಕೊಡ್ತೀವಿ" ಎಂಬ ಮಾತು. ಆ ಖಾತೆಗೆ ಬರುವುದು ಬೇರೆ ಯಾರನ್ನೋ ವಂಚಿಸಿದ ಹಣ. ಖಾತೆ ಸ್ಥಗಿತವಾಗುವುದರ ಜೊತೆಗೆ ಪೊಲೀಸ್ ಕೇಸೂ ಮೈಮೇಲೆ ಬರುತ್ತದೆ.

ಮುಂದೆ ನೋಡಬೇಕಾದ್ದು

ಯುಪಿಐ ಅಂಕಿಅಂಶ ಇಲಾಖೆಯ ಕೈಯಲ್ಲಿದೆ, ಅದನ್ನು ಬಳಸುವುದು ನಿಲ್ಲುವುದಿಲ್ಲ. ಹಾಗಾಗಿ ಮನೆಯ ವ್ಯಾಪಾರ ಬೆಳೆದು ಮಿತಿಯ (ಸೇವೆಗೆ 20 ಲಕ್ಷ, ಸರಕಿಗೆ 40 ಲಕ್ಷ) ಹತ್ತಿರ ಬಂದವರು ನೋಟಿಸ್‌ಗೆ ಕಾಯದೆ ನೋಂದಣಿ ಮಾಡಿಸುವುದು ವಾಸಿ. ಹೊರರಾಜ್ಯಕ್ಕೆ ಸರಕು ಕಳಿಸುವವರನ್ನು ಬಿಟ್ಟರೆ ಉಳಿದವರಿಗೆ ಅದರ ಗೊಡವೆ ಬೇಡ.

ನಿಜವಾದ ಜಗ್ಗಾಟ ನಡೆಯಬೇಕಿರುವುದು ಇನ್ನೊಂದು ಕಡೆ. ರಾಜ್ಯ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ ಕಾಯ್ದೆ ತಂದಿದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಆ್ಯಪ್ ಕಂಪನಿ ಕಲ್ಯಾಣ ನಿಧಿಗೆ ಕಟ್ಟಬೇಕು. ಎಲ್ಲರೂ ಇದನ್ನು ಡೆಲಿವರಿ ಹುಡುಗರ, ಕ್ಯಾಬ್ ಚಾಲಕರ ಕಾಯ್ದೆ ಎಂದುಕೊಂಡಿದ್ದಾರೆ. ಅದರ ಅನುಸೂಚಿಯಲ್ಲಿ ವೃತ್ತಿಪರ ಸೇವೆ, ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳ ಹೆಸರೂ ಇದೆ. ಮನೆಯಲ್ಲಿ ಕೂತು ಆ್ಯಪ್‌ಗಾಗಿ ಟೈಪ್ ಮಾಡುವ, ಪಾಠ ಹೇಳುವ, ವಿಡಿಯೊ ಎಡಿಟ್ ಮಾಡುವವರನ್ನು ಕಂಪನಿಗಳು ಈ ಕಾಯ್ದೆಯಡಿ ನೋಂದಾಯಿಸುತ್ತವೆಯೋ, ಇವರು ಅದರಲ್ಲಿ ಬರುವುದಿಲ್ಲ ಎನ್ನುತ್ತವೆಯೋ ಎಂಬುದು ತೀರ್ಮಾನವಾಗಬೇಕಿದೆ. ರಸ್ತೆಯಲ್ಲಿ ಕಾಣುವ ಕಾರ್ಮಿಕರಿಗೆ ಸಂಘವಿದೆ, ಮುಷ್ಕರ ಮಾಡುವ ಬಲವಿದೆ. ಮನೆಯೊಳಗಿರುವವರು ಒಬ್ಬರಿಗೊಬ್ಬರು ಪರಿಚಯವೇ ಇಲ್ಲ. ಬೀಡಿ ಕಟ್ಟುವವರು ಕೊನೆಪಕ್ಷ ವಾರಕ್ಕೆ ಕೆಲವು ಸಲ ಬ್ರಾಂಚಿನ ಸಾಲಿನಲ್ಲಿ ಸಿಗುತ್ತಿದ್ದರು, ಸಂಘ ಹುಟ್ಟಲು ಆ ಸಾಲೂ ಒಂದು ದಾರಿಯಾಗಿತ್ತು. ಆ್ಯಪ್‌ನಲ್ಲಿ ಅಂಥ ಸಾಲಿಲ್ಲ. ಇವರ ಪರವಾಗಿ ಮೊದಲ ಅರ್ಜಿ ಯಾರು ಹಾಕುತ್ತಾರೆ ಎಂಬುದರ ಮೇಲೆ ಈ ಕಾಯ್ದೆಯ ವ್ಯಾಪ್ತಿ ನಿರ್ಧಾರವಾಗುವ ಸಾಧ್ಯತೆಯೇ ಹೆಚ್ಚು.